ಸತ್ಯಾಂಶ: ಇಂಬಳ (ಕಾಡಿನ ಜಿಗಣೆ) ಕಚ್ಚಿದರೆ ಉಪ್ಪು ಸುರಿಯಬೇಕೇ?

‘ಕಾಡುದಾರಿಯಲ್ಲಿ ಇಂಬಳ ಹತ್ತಿದರೆ ಉಪ್ಪು ಸುರಿಯಿರಿ, ಇಲ್ಲವೇ ಬೆಂಕಿಕಡ್ಡಿ ತಾಗಿಸಿ, ಕೈಯಿಂದ ಬಿಡಿಸಿದರೆ ವಿಷವೇರುತ್ತದೆ’ ಎಂಬ ಸಂದೇಶ ಮಳೆಗಾಲ ಬಂತೆಂದರೆ ವಾಟ್ಸಾಪ್‌ನಲ್ಲಿ ಸುತ್ತುತ್ತದೆ. ಇಂಬಳ ವಿಷಜಂತುವಲ್ಲ. ಉಪ್ಪು, ಬೆಂಕಿ ತಾಗಿದರೆ ಅದು ಉದುರುತ್ತದೆ, ನಿಜ. ಆದರೆ ಉದುರುವ ಮುನ್ನ ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಕ್ಕಬಹುದು. ಸೋಂಕಿನ ಭಯವಿರುವುದು ಅಲ್ಲಿ.

ಇಂಬಳದ ಎರಡೂ ತುದಿಯಲ್ಲಿ ಹೀರುಬಟ್ಟಲಿದೆ. ಸಪೂರ ತುದಿಯೇ ಬಾಯಿ. ಅದರ ಪಕ್ಕದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಉಗುರನ್ನು ಚರ್ಮಕ್ಕೆ ಒತ್ತಿ ಅಡ್ಡಕ್ಕೆ ಜಾರಿಸಿ, ಹಿಡಿತ ತಪ್ಪುತ್ತದೆ. ಕೂಡಲೇ ದಪ್ಪ ತುದಿಯನ್ನೂ ಹಾಗೇ ಬಿಡಿಸಿ ದೂರ ಚಿಮ್ಮಿ. ತಡಮಾಡಿದಿರೋ, ಬೆರಳಿಗೇ ಅಂಟಿಕೊಳ್ಳುತ್ತದೆ! ನಡುವೆ ಹಿಡಿದು ಜಗ್ಗಬೇಡಿ, ದವಡೆಯ ಚೂರು ಒಳಗುಳಿದು ಗಾಯ ಕೆರಳಬಹುದು.

ಇಂಬಳದ ಜೊಲ್ಲಿನಲ್ಲಿರುವ ಹಿರುಡಿನ್‌ನಂಥ ಅಂಶ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಗಾಯ ಚಿಕ್ಕದಾದರೂ ಗಂಟೆಗಟ್ಟಲೆ ಜಿನುಗುತ್ತದೆ. ಸೋಪಿನಿಂದ ತೊಳೆದು, ಶುದ್ಧ ಬಟ್ಟೆ ಒತ್ತಿ ಹಿಡಿದು ಪಟ್ಟಿ ಕಟ್ಟಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಮೂಗು-ಕಣ್ಣಿಗೆ ಇಂಬಳ ಹೊಕ್ಕವರು ವೈದ್ಯರ ಬಳಿ ಹೋಗಬೇಕು.

ಉಪ್ಪು ಬೇಕೇ ಬೇಕೆಂದರೆ ಕಾಲುಚೀಲಕ್ಕೆ ಸವರಿ, ಮಳೆಗೆ ತೊಳೆದುಹೋಗುವವರೆಗಾದರೂ ಕೆಲಸಕ್ಕೆ ಬರುತ್ತದೆ. ಪ್ಯಾಂಟಿನ ಅಂಚನ್ನು ಒತ್ತಾಗಿ ನೇಯ್ದ ಉದ್ದ ಕಾಲುಚೀಲದೊಳಗೆ ಸೇರಿಸುವುದು ಅದಕ್ಕಿಂತ ವಾಸಿ.