ಬೆಣ್ಣೆ ದೋಸೆ ಬೇಡ ಅಂದ ಹುಡುಗ

ಹೋದ ತಿಂಗಳು ಒಂದು ಭಾನುವಾರ ಅಕ್ಕನ ಮಗನನ್ನು ದೋಸೆ ತಿನ್ನೋಕೆ ಕರೆದುಕೊಂಡು ಹೋಗಿದ್ದೆ. ಹತ್ತೊಂಬತ್ತರ ಹುಡುಗ, ಬಾಕ್ಸಿಂಗ್ ಹುಚ್ಚು. ಹೆಂಚಿನ ಮೇಲೆ ಬೆಣ್ಣೆ ಚೊರ್ ಅಂತಿದೆ, ಇವನು ಸಕ್ಕರೆ ಇಲ್ಲದ ಟೀ ಹಿಡಿದು ಕೂತಿದ್ದಾನೆ. "ಮುಂದಿನ ವಾರ ತೂಕ ಇದೆ ಮಾಮ" ಅಂದ. ಪಂದ್ಯಕ್ಕೆ ಮುಂಚೆ ತೂಕ ನೋಡ್ತಾರೆ, ತನ್ನ ವಿಭಾಗಕ್ಕಿಂತ ಜಾಸ್ತಿ ಬಂದರೆ ಆಡೋ ಹಾಗಿಲ್ಲ. ದಾವಣಗೆರೆಯಲ್ಲಿ ಹುಟ್ಟಿ ಬೆಣ್ಣೆ ದೋಸೆ ಬೇಡ ಅನ್ನೋದಕ್ಕೆ ಎಷ್ಟು ಗಟ್ಟಿ ಮನಸ್ಸು ಬೇಕು, ನೀವೇ ಹೇಳಿ. ನಾನಂತೂ ಎರಡು ತಿಂದೆ. ಅವನ ಪಾಲಿನದ್ದೂ ಸೇರಿ ಮೂರು.

ಬಾಕ್ಸರ್ ಅಂದ್ರೆ ಸಿಟ್ಟು, ಗುದ್ದು ಅಂತ ನಾವು ಅಂದುಕೊಂಡಿರುತ್ತೇವೆ. ರಿಂಗಿನೊಳಗೆ ಇರೋದು ಮೂರು ನಿಮಿಷದ ಮೂರು ರೌಂಡ್ ಅಷ್ಟೇ. ಮಿಕ್ಕಿದ್ದೆಲ್ಲ ಯಾರೂ ನೋಡದ ಹೊತ್ತಿನಲ್ಲಿ ನಡೆಯುತ್ತದೆ.

ಮೇರಿ ಕೋಮ್ ಕಥೆ ಕೇಳಿರುತ್ತೀರಿ. 2018ರ ಸೆಪ್ಟೆಂಬರ್. ಟೂರ್ನಿಗೆ ಅಂತ ಪೋಲೆಂಡ್‌ನಲ್ಲಿ ಇಳಿದಾಗ ಬೆಳಗಿನ ಜಾವ, ಇನ್ನು ನಾಲ್ಕೇ ಗಂಟೆಗೆ ತೂಕ. 48 ಕೆಜಿ ವಿಭಾಗ, ಇವರು ಎರಡು ಕೆಜಿ ಜಾಸ್ತಿ. ಒಂದು ಗಂಟೆ ಬಿಡದೆ ಸ್ಕಿಪ್ಪಿಂಗ್ ಮಾಡಿದರು. ತೂಕವೂ ಇಳಿಯಿತು, ಚಿನ್ನವೂ ಬಂತು. (ಸುಮ್ನೆ ಮನೆಯಲ್ಲಿ ಟ್ರೈ ಮಾಡಬೇಡಿ. ಹಾಗೆ ಇಳಿಯೋದು ಕೊಬ್ಬಲ್ಲ, ಮೈಯಲ್ಲಿನ ನೀರು.) ಎಲ್ಲರೂ ಆ ಎರಡು ಕೆಜಿ ಬಗ್ಗೆ ಮಾತಾಡುತ್ತಾರೆ. ನನ್ನ ಕಣ್ಣಿರೋದು ಆ ಹಗ್ಗದ ಮೇಲೆ. ವಯಸ್ಸು 35, ಮೂರು ಮಕ್ಕಳ ತಾಯಿ, ರಾತ್ರಿಯೆಲ್ಲ ಪ್ರಯಾಣ. ಆ ಒಂದು ಗಂಟೆಯ ದಮ್ಮು ಅವತ್ತು ಹುಟ್ಟಿದ್ದಲ್ಲ, ಅಲ್ವಾ? 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಕಷ್ಟ ಉಲ್ಟಾ ಇತ್ತು. ಹೆಂಗಸರಿಗೆ 51 ಕೆಜಿಗಿಂತ ಕೆಳಗಿನ ವಿಭಾಗವೇ ಇರಲಿಲ್ಲ. ತಿಂದು ಮೈ ಏರಿಸಿಕೊಂಡು, ತನಗಿಂತ ದಪ್ಪ ಇದ್ದವರ ಎದುರು ನಿಂತು ಕಂಚು ತಂದರು.

ನಾವು ದಾವಣಗೆರೆಯವರು ದುಗ್ಗಮ್ಮನ ಜಾತ್ರೆ ಕುಸ್ತಿಗೆ ಮುಗಿಬೀಳುವ ಜನ. ಗರಡಿಯಲ್ಲಿ ಸಾಮು ಮಾಡಿದವನನ್ನು ಪೈಲ್ವಾನ್ ಅಂತ ಕೂರಿಸಿ ಹಾಲು ಕೊಡುತ್ತೇವೆ. ಅದೇ ಹುಡುಗ ಗ್ಲೌಸ್ ಹಾಕಿಕೊಂಡರೆ "ಮೂಗು ಮುರ್ಕೊಂಡು ಬರ್ತಾನೆ ನೋಡು" ಅಂತೇವೆ. ನಾನೂ ಅಂದವನೇ.

ಆಮೇಲೊಂದು ದಿನ ಅಕ್ಕನ ಮನೆಯಲ್ಲಿ ಮಲಗಿದ್ದೆ. ಐದು ಗಂಟೆಗೆ ತಾರಸಿ ಮೇಲೆ ಟಪ್ ಟಪ್ ಟಪ್. ಹೋಗಿ ನೋಡಿದರೆ ಇವನು. ಹಗ್ಗ ನೆಲಕ್ಕೆ ಬಡಿಯುವ ನಡುಭಾಗ ಸವೆದು, ಅದಕ್ಕೆ ಕರೆಂಟಿನ ಕಪ್ಪು ಟೇಪ್ ಸುತ್ತಿದ್ದಾನೆ. ಟೇಪೂ ಸವೆದಿದೆ.

ತೂಕ ಪಾಸಾಯಿತು. ಮೊದಲ ಪಂದ್ಯದಲ್ಲೇ ಸೋತ. ಮರುದಿನ ಬೆಳಿಗ್ಗೆ ಫೋನ್ ಮಾಡಿ "ಮಾಮ, ದೋಸೆ?" ಅಂದ. ನಾಲ್ಕು ತಿಂದ. ಬರುವಾಗ ಅಂಗಡಿ ಮುಂದೆ ಗಾಡಿ ನಿಲ್ಲಿಸು ಅಂದ, ಹೊಸ ಹಗ್ಗ ತಗೊಂಡ.