ಕಲ್ಲಿದ್ದಲಿನ ಕರೆಂಟಾದರೂ ಹೊಗೆ ಕಡಿಮೆಯೇ

‘ಎಲೆಕ್ಟ್ರಿಕ್ ಕಾರು ಓಡುವುದು ಕಲ್ಲಿದ್ದಲಿನ ಕರೆಂಟಿನಲ್ಲಿ, ಪೆಟ್ರೋಲ್ ಕಾರೇ ವಾಸಿ’ ಎಂಬ ಮಾತು ವಾಟ್ಸಾಪಿನಲ್ಲಿ ಹರಿದಾಡುತ್ತಿದೆ. ಅರ್ಧ ನಿಜ. ದೇಶದ ಕರೆಂಟಿನ ಮುಕ್ಕಾಲು ಪಾಲಿನಷ್ಟು ಕಲ್ಲಿದ್ದಲಿನದೇ.

ಆದರೆ ಲೆಕ್ಕ ಹಾಕಿ ನೋಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆಜಿ ಕಾರ್ಬನ್ ಡೈಆಕ್ಸೈಡ್. 15 ಕಿ.ಮೀ. ಮೈಲೇಜಿನ ಕಾರಿಗೆ, ಕಿ.ಮೀ.ಗೆ 150 ಗ್ರಾಂ. ನಮ್ಮ ಒಂದು ಯೂನಿಟ್ ಕರೆಂಟಿಗೆ ಸುಮಾರು 700 ಗ್ರಾಂ. ಅಷ್ಟರಲ್ಲಿ ಸಣ್ಣ ಎಲೆಕ್ಟ್ರಿಕ್ ಕಾರು ಆರೇಳು ಕಿ.ಮೀ. ಓಡುತ್ತದೆ. ಅಂದರೆ ಕಿ.ಮೀ.ಗೆ 110 ಗ್ರಾಂ ಆಸುಪಾಸು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ನಿಂತಾಗ ಹೆಲ್ಮೆಟ್ ಒಳಗೆ ನುಗ್ಗುವ ಹೊಗೆಯೂ ಇಲ್ಲ, ಅದು ಸಣ್ಣ ಮಾತಲ್ಲ.

ಬ್ಯಾಟರಿ ತಯಾರಿಯ ಹೊಗೆ ಮಾತ್ರ ಸುಳ್ಳಲ್ಲ. ಆ ಸಾಲ ತೀರಲು ಹತ್ತಾರು ಸಾವಿರ ಕಿ.ಮೀ. ಓಡಬೇಕು. ದಿನವಿಡೀ ಓಡುವ ಟ್ಯಾಕ್ಸಿಗೆ ಅದು ಬೇಗ ತೀರುತ್ತದೆ. ಸುಮ್ನೆ ಮನೆ ಮುಂದೆ ನಿಲ್ಲುವ ಕಾರಿಗೆ ತೀರುವುದು ಕಷ್ಟ.