ಹೊರಡುವ ಮುನ್ನ ಊರಿನ ವೀರಗಲ್ಲನ್ನೂ ನೋಡಲಿ

ಹಾಸನದ ಕಾಲೇಜು ವಿದ್ಯಾರ್ಥಿಗಳು ಫ್ರಾನ್ಸ್ ಮತ್ತು ಬೆಲ್ಜಿಯಂನ ಯುದ್ಧ ಸ್ಮಾರಕಗಳ ಅಧ್ಯಯನಕ್ಕೆ ಹೊರಟಿರುವ ಕುರಿತ ಲೇಖನವನ್ನು ಓದಿ ಸಂತೋಷವಾಯಿತು. ಬೆಲ್ಜಿಯಂನ ಈಪ್ರ ಪಟ್ಟಣದಲ್ಲಿರುವ ಮೊದಲ ಮಹಾಯುದ್ಧದ ಸ್ಮಾರಕ ಮೆನಿನ್ ಗೇಟಿನಲ್ಲಿ, ಮಡಿದವರ ನೆನಪಿಗೆ ಪ್ರತಿ ಸಂಜೆ 8 ಗಂಟೆಗೆ ಊದುವ ಕಹಳೆಯ ಬಗ್ಗೆ ಲೇಖಕರು ವಿವರವಾಗಿ ಬರೆದಿದ್ದಾರೆ. ಆದರೆ ಅದೇ ಯುದ್ಧದಲ್ಲಿ ಮಡಿದು ಗೋರಿಯೇ ಗುರುತಾಗದ 4,700ಕ್ಕೂ ಹೆಚ್ಚು ಭಾರತೀಯ ಸೈನಿಕರಿಗಾಗಿ 1927ರಲ್ಲಿ ಉದ್ಘಾಟನೆಯಾದ ಫ್ರಾನ್ಸಿನ ನವ್ ಶಪೆಲ್ ಸ್ಮಾರಕಕ್ಕೆ ಒಂದೇ ಸಾಲು ಮೀಸಲಾಗಿರುವುದು ನನಗೆ ಸರಿಕಾಣಲಿಲ್ಲ. ನಮ್ಮ ಮಕ್ಕಳು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಅಲ್ಲಿಯೇ.

ಬ್ರಿಟನ್ ಮತ್ತು ಅದರ ಆಳ್ವಿಕೆಯಲ್ಲಿದ್ದ ದೇಶಗಳ ಸೈನಿಕರನ್ನು ಹೂಳಿರುವ ಕಾಮನ್‌ವೆಲ್ತ್ ಸ್ಮಶಾನಗಳಲ್ಲಿ ಅಧಿಕಾರಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಅಳತೆಯ ಕಲ್ಲು ನಿಲ್ಲಿಸಿರುವುದನ್ನು ಅವರು ಗಮನಿಸಲಿ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ನಿಂತಿರುವ ವೀರಗಲ್ಲುಗಳಲ್ಲಿ ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವ ದೃಶ್ಯ, ಮೇಲೆ ಶಿವಸಾನ್ನಿಧ್ಯ ಇರುತ್ತದೆ. ವೀರಗಲ್ಲಿನಲ್ಲಿ ಸತ್ತವನು ಸ್ವರ್ಗ ಸೇರುತ್ತಾನೆ, ಆ ಸ್ಮಶಾನದ ಕಲ್ಲಿನಲ್ಲಿ ಅವನ ಹೆಸರು, ದಳದಂಥ ವಿವರಗಳು ಮಾತ್ರ ಉಳಿಯುತ್ತವೆ. (ನಮ್ಮೂರಿನ ವೀರಗಲ್ಲಿಗೆ ಈಗ ದನ ಕಟ್ಟುತ್ತಾರೆ ಎಂಬುದು ಬೇರೆ ಮಾತು.) ಈ ಹೋಲಿಕೆಯನ್ನು ಹೊರಡುವ ಮುನ್ನವೇ ತರಗತಿಯಲ್ಲಿ ಚರ್ಚಿಸಿದರೆ ಪ್ರವಾಸದ ಖರ್ಚು ಸಾರ್ಥಕವಾದೀತು.

ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಸಂಸ್ಥಾನದ ಕುದುರೆ ಸವಾರರ ಪಡೆ ಮೈಸೂರು ಲ್ಯಾನ್ಸರ್ಸ್ ದಳದ ಸ್ಮಾರಕವು ಬೆಂಗಳೂರಿನಲ್ಲಿಯೇ ಇದೆ. ವಿಮಾನ ಹತ್ತುವ ದಿನ ಅದನ್ನೂ ನೋಡಿಕೊಂಡು ಹೋಗಬಹುದಲ್ಲವೇ?